ಆ ಕಾಲು ಸರಿಯಿತ್ತೇ?

ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 35ನೆಯ ಭಾಗದಲ್ಲಿ ಒಂದು ಕತೆ ಹೇಳುತ್ತಾನೆ. ಅಲೆಕ್ಸಾಂಡರನ ಕಾಲದ ಹೆಸರಾಂತ ಚಿತ್ರಕಾರ ಅಪೆಲೀಸ್ ತಾನು ಮುಗಿಸಿದ ಚಿತ್ರವನ್ನು ದಾರಿಹೋಕರಿಗೆ ಕಾಣುವಂತೆ ಇಟ್ಟು, ಅದರ ಹಿಂದೆ ಅವಿತು ಕೂತು, ಜನ ಆಡುವ ಮಾತು ಕೇಳಿಸಿಕೊಳ್ಳುತ್ತಿದ್ದನಂತೆ. ಒಂದು ದಿನ ಚಮ್ಮಾರನೊಬ್ಬ ಬಂದು, ಚಿತ್ರದಲ್ಲಿರುವವನ ಚಪ್ಪಲಿಗೆ ಒಂದು ಕುಣಿಕೆ ಕಡಿಮೆ ಇದೆ ಎಂದ. ಅಪೆಲೀಸ್ ತಿದ್ದಿದ. ಮರುದಿನ ಚಮ್ಮಾರ ಮತ್ತೆ ಬಂದ. ತನ್ನ ಮಾತು ನಡೆದದ್ದು ಕಂಡು ಹುರುಪಾಗಿ, ಕಾಲಿನ ಬಗ್ಗೆಯೂ ಏನೋ ಹೇಳಿದ. ಆಗ ಅಪೆಲೀಸ್ ಸಿಟ್ಟಿನಿಂದ ಇಣುಕಿ, ಚಮ್ಮಾರನ ತೀರ್ಪು ಚಪ್ಪಲಿಯಿಂದ ಮೇಲಕ್ಕೆ ಹೋಗಬಾರದು ಎಂದು ಗದರಿದ. ಆ ಮಾತು ಗಾದೆಯಾಯಿತು. ತನಗೆ ಗೊತ್ತಿಲ್ಲದ್ದರ ಬಗ್ಗೆ ಬಾಯಿ ಹಾಕುವವನನ್ನು ಬಯ್ಯಲು ಇಂಗ್ಲಿಷಿನಲ್ಲಿ ಅದರಿಂದಲೇ ಉದ್ದದೊಂದು ಪದವೂ ಹುಟ್ಟಿತು, ಅಲ್ಟ್ರಾಕ್ರೆಪಿಡೇರಿಯನ್ ಎಂದು.

ಈ ಕತೆಯನ್ನು ಎಷ್ಟು ಸಲ ಓದಿದರೂ ನನಗೆ ಒಂದು ಕುತೂಹಲ ಉಳಿದೇಬಿಡುತ್ತದೆ. ಅಷ್ಟಕ್ಕೂ ಆ ಕಾಲು ಸರಿಯಿತ್ತೇ? ಪ್ಲಿನಿ ಹೇಳುವುದಿಲ್ಲ. ಚಮ್ಮಾರ ಕಾಲಿನ ಬಗ್ಗೆ ಏನು ಹೇಳಿದ ಎಂಬುದನ್ನೂ ಬರೆಯುವುದಿಲ್ಲ. ಹೇಳಿದವನು ಯಾರು ಎಂಬಲ್ಲಿಗೇ ಕತೆ ಮುಗಿದುಹೋಗುತ್ತದೆ.

ಇದನ್ನು ಯೋಚಿಸಲು ನನಗೆ ಕಾರಣವಿದೆ. ಎರಡು ವರ್ಷದಿಂದ ನಾವು ಆರೇಳು ಜನ ಸಂಶೋಧನಾ ವಿದ್ಯಾರ್ಥಿಗಳು ಭಾನುವಾರ ಸಂಜೆ ಹಾಸ್ಟೆಲಿನ ಒಂದು ಕೋಣೆಯಲ್ಲಿ ಸೇರಿ ಡಿಜಿಟಲ್ ಚಿತ್ರ ಕಲಿಯುತ್ತಿದ್ದೇವೆ. ಗುರುಗಳಿಲ್ಲ. ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಹೇಳುವುದೇ ಪಾಠ. ಕಾದಂಬರಿಗಳ ಪಾತ್ರಗಳಿಗೆ ಮುಖ ಬರೆಯುವುದು ನಮ್ಮ ಹುಚ್ಚು. ಅರ್ಧದಷ್ಟು ಮಂದಿ ಸಾಹಿತ್ಯದವರಾದ್ದರಿಂದ ಹಾಗಾಗಿರಬೇಕು. ಸಾಫ್ಟ್‌ವೇರ್ ಉಚಿತವಾಗಿ ಸಿಗುವ ಕ್ರಿಟಾ. ಪೆನ್ ಟ್ಯಾಬ್ಲೆಟ್ ಅಗ್ಗದ್ದು, ಪರದೆಯಿಲ್ಲದ್ದು. ಇದನ್ನು ಬಳಸದವರಿಗೆ ಒಂದು ಮಾತು ಹೇಳಬೇಕು: ಕೈ ಮೇಜಿನ ಮೇಲೆ ಖಾಲಿ ಹಲಗೆಯೊಂದರಲ್ಲಿ ಗೀಚುತ್ತಿರುತ್ತದೆ, ಗೆರೆ ಮೂಡುವುದು ಎದುರಿನ ಲ್ಯಾಪ್‌ಟಾಪಿನಲ್ಲಿ. ಮೊದಲ ಕೆಲವು ವಾರ ಕೈ ಯಾರದೋ, ಕಣ್ಣು ಯಾರದೋ ಅನ್ನಿಸುತ್ತದೆ.

ಕಣ್ಣಿನದೇ ದೊಡ್ಡ ತೊಂದರೆ. ಒಂದೇ ಮುಖವನ್ನು ಮೂರು ಗಂಟೆ ನೋಡಿದ ಮೇಲೆ ಅದರ ಸೊಟ್ಟ ಕಣ್ಣಿಗೆ ಒಗ್ಗಿಹೋಗುತ್ತದೆ. ಇಟಲಿಯ ಆಲ್ಬೆರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲೇ ಇದಕ್ಕೆ ಮದ್ದು ಹೇಳಿದ್ದಾನೆ, ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಎಂದು. ಕ್ರಿಟಾದಲ್ಲಿ ‘ಎಂ’ ಕೀಲಿ ಒತ್ತಿದರೆ ಸಾಕು, ಚಿತ್ರ ಎಡಬಲ ತಿರುಗಿ, ಸರಿಯಾಗಿದೆ ಅಂದುಕೊಂಡಿದ್ದ ದವಡೆ ಜಾರಿಕೊಂಡು ಕೂತಿರುವುದು ಕಾಣುತ್ತದೆ. ಆಲ್ಬೆರ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಗೆಳೆಯರನ್ನೂ ಕೇಳಿ, ನೋಡಲು ಬಂದವರ ಮಾತಿಗೂ ಕಿವಿಗೊಡಿ ಎನ್ನುತ್ತಾನೆ. ಕನ್ನಡಿ ಅಳತೆ ತಪ್ಪಿದ್ದನ್ನು ಹೇಳೀತು. ಇವಳು ಯಾಕೆ ನನ್ನ ಕಡೆ ನೋಡುತ್ತಿಲ್ಲ ಎಂದು ಕೇಳಲಾರದು.

ನಮ್ಮ ಗುಂಪಿನಲ್ಲಿ ಬೇಗ ಗೊತ್ತಾದ ಸಂಗತಿಯೊಂದಿದೆ. ಎಲ್ಲಿ ತಪ್ಪಿದೆ ಎಂದು ನೋಡುವವರು ಹೇಳುವುದು ಅನೇಕ ಸಲ ಸರಿಯಿರುವುದಿಲ್ಲ. ಎಲ್ಲೋ ತಪ್ಪಿದೆ ಎಂಬುದು ಮಾತ್ರ ಸಾಮಾನ್ಯವಾಗಿ ಸರಿಯಿರುತ್ತದೆ. ಕಣ್ಣು ಸರಿಯಿಲ್ಲ ಅನ್ನುತ್ತಾರೆ, ಹುಡುಕಿದರೆ ಕಿವಿ ಮೇಲೆ ಹೋಗಿರುತ್ತದೆ. ಹಾಗಾಗಿ ನುರಿತವರ ಕರಾರುವಾಕ್ಕಾದ ತಿದ್ದುಪಡಿಗಿಂತ ಮಾತಿಗೆ ತಡಕಾಡುವವರ ಅಸಮಾಧಾನವೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ನುರಿತವರು ಹೊಸ ಲೇಯರ್ ತೆರೆದು ನಮ್ಮ ಚಿತ್ರದ ಮೇಲೆಯೇ ತಿದ್ದಿಬಿಡುತ್ತಾರೆ. ಒಮ್ಮೆ ಗೆಳತಿಯೊಬ್ಬಳು ನನ್ನ ಚಿತ್ರದ ಮೂಗನ್ನು ಎರಡೇ ನಿಮಿಷದಲ್ಲಿ ಸರಿಮಾಡಿಕೊಟ್ಟಳು. ಮೂಗು ನಿಜಕ್ಕೂ ಸರಿಯಾಯಿತು. ನಾನು ಬರೆಯುತ್ತಿದ್ದ ಹೆಂಗಸು ಮಾತ್ರ ಎದ್ದು ಹೋಗಿ, ಅವಳ ಜಾಗದಲ್ಲಿ ಗೆಳತಿ ಸದಾ ಬರೆಯುವ ಹೆಂಗಸು ಬಂದು ಕೂತಿದ್ದಳು.

ಈಗ ಚೋಮನ ವಿಷಯ.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುವ ಉಡುಪಿ ಕಡೆಯ ಗೆಳೆಯ ಶಿವರಾಮ ಕಾರಂತರ ಚೋಮನನ್ನು ಬರೆದ. ‘ಚೋಮನ ದುಡಿ’ 1933ರ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ ಮೇಲೆ ಚೋಮ ಎಂದರೆ ಎಂ.ವಿ. ವಾಸುದೇವ ರಾವ್ ಮುಖವೇ ಕಣ್ಣಮುಂದೆ ಬರುತ್ತದೆ. ಗೆಳೆಯ ಅದರಿಂದ ತಪ್ಪಿಸಿಕೊಂಡು ತನ್ನದೇ ಚೋಮನನ್ನು ಹುಡುಕಿದ್ದ. ಕಂದು ಬಣ್ಣದ ತಳ, ಅದರ ಮೇಲೆ ಮಲ್ಟಿಪ್ಲೈ ಲೇಯರಿನಲ್ಲಿ ನೀಲಿಗಪ್ಪು ನೆರಳು, ಹಣೆಯ ಸುಕ್ಕುಗಳಲ್ಲಿ ಇಳಿದ ಕತ್ತಲೆ, ಒಂದು ಕಣ್ಣು ಅರ್ಧ ಮುಳುಗಿದೆ. ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ, ಈಗಲೂ ಅದು ಒಳ್ಳೆಯ ಚಿತ್ರವೆಂದೇ ಅನ್ನುತ್ತೇನೆ.

ಅಂದು ಕೋಣೆಯಲ್ಲಿ ರಸಾಯನಶಾಸ್ತ್ರದ ಇನ್ನೊಬ್ಬ ಗೆಳೆಯನಿದ್ದ. ಅವನು ಚಿತ್ರ ಬರೆಯುವವನಲ್ಲ, ಟೀ ಮತ್ತು ಹರಟೆಗೆ ಬರುವವನು. ಚಾಮರಾಜನಗರದ ಕಡೆಯ ದಲಿತ ಕುಟುಂಬದವನು. ಅವನ ಅಜ್ಜ ಜೀತಕ್ಕಿದ್ದವರು. (ಜೀತವನ್ನು ರದ್ದುಮಾಡಿದ ಸುಗ್ರೀವಾಜ್ಞೆ ಬಂದದ್ದೂ 1975ರಲ್ಲೇ.) ಅವನು ಸ್ವಲ್ಪ ಹೊತ್ತು ನೋಡಿ ಕೇಳಿದ: “ಅಲ್ಲ ಕಣೋ, ಇವನಿಗೆ ಯಾವಾಗಲೂ ಸಂಜೆನೇ ಏನು?”

ಯಾರಿಗೂ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ನೀವೆಲ್ಲ ಬರೆದದ್ದು ನೋಡಿದ್ದೀನಿ. ಬೆಳ್ಳಗಿರೋರಿಗೆ ಬೆಳಗ್ಗೆ, ಮಧ್ಯಾಹ್ನ, ಕಿಟಕಿ ಪಕ್ಕದ ಬಿಸಿಲು, ಎಲ್ಲ ಇದೆ. ನಮ್ಮಂಥೋರನ್ನ ಬರೆಯೋವಾಗ ಮಾತ್ರ ಹೊತ್ತು ಮುಳುಗಿರುತ್ತೆ. ನಮ್ಮಜ್ಜ ದಿನಾ ನಡುಬಿಸಿಲಲ್ಲಿ ನಿಂತಿರ್ತಿದ್ದ, ಮುಖ ಮಿಂಚೋದು ಎಂದ.

ಉಡುಪಿಯ ಗೆಳೆಯನಿಗೆ ಇರುಸುಮುರುಸಾಯಿತು. “ಚಿತ್ರದ ಬಗ್ಗೆ ಏನಾದರೂ ಇದ್ದರೆ ಹೇಳು ಮಾರಾಯ. ಇಲ್ಲ ನೀನೊಂದು ಬರೆದು ತೋರಿಸು,” ಎಂದ.

ಎರಡು ಸಾವಿರ ವರ್ಷಗಳ ನಂತರ ಅದೇ ಚಪ್ಪಲಿ, ಅದೇ ಕಾಲು. ಅವನ ಸಿಟ್ಟಿನಲ್ಲೂ ನ್ಯಾಯವಿತ್ತು. ಚೋಮನ ಬದುಕೇ ಮುಳುಗುವ ಹೊತ್ತಿನದು. ಬೇಸಾಯ ಮಾಡಬೇಕೆಂಬ ಅವನ ಆಸೆ ಕೈಗೂಡುವುದಿಲ್ಲ, ಸಾಲ ತೀರುವುದಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈಬಿಡುತ್ತಾರೆ. ಆ ಕತ್ತಲನ್ನು ಮುಖದ ಮೇಲೆ ತಂದರೆ ಅದು ಓದಿಗೆ ನಿಷ್ಠೆ, ಅವಮಾನ ಹೇಗಾದೀತು ಎಂದು ಅವನು ವಾದಿಸಿದ. ಆದರೆ ಚೋಮ ಸಾಕಿಕೊಂಡ ಜೋಡಿ ಎತ್ತುಗಳ ಎದುರೂ ನಿಲ್ಲುತ್ತಾನೆ, ಖುಷಿಗೂ ದುಡಿ ಬಾರಿಸುತ್ತಾನೆ. ಅವನನ್ನು ನೋಡುವ ನಾವು ಯಾವ ಗಳಿಗೆಯನ್ನು ಆರಿಸಿಕೊಳ್ಳುತ್ತೇವೆ ಎಂಬುದು ಅವನ ಕೈಯಲ್ಲಿಲ್ಲ. ಕಾರಂತರೇ ಕೋಟದ ಬ್ರಾಹ್ಮಣ ಕುಟುಂಬದವರು. ಚೋಮನನ್ನು ಕಂಡ ಕಣ್ಣು ಯಾರದು ಎಂಬ ಚರ್ಚೆ ಕಾದಂಬರಿಯ ಬಗ್ಗೆಯೂ ಹಳೆಯದು.

ಮುಂದಿನ ವಾರ ನಾವು ಕಪ್ಪು ಮೈಬಣ್ಣದ ನೆರಳು-ಬೆಳಕಿನ ಬಗ್ಗೆಯೇ ಕೂತೆವು. ಕಲಿಕೆಯ ವಿಡಿಯೋಗಳಲ್ಲಿ ಹೆಚ್ಚಾಗಿ ಪೀಚ್ ಬಣ್ಣದ ಮುಖವಿಟ್ಟುಕೊಂಡು ನೆರಳು ಹಚ್ಚುವುದನ್ನು ತೋರಿಸುತ್ತಾರೆ. ಅಂಥ ಮುಖದ ಉಬ್ಬುತಗ್ಗುಗಳನ್ನು ಹೇಳುವುದು ನೆರಳು. ಅದೇ ಕ್ರಮವನ್ನು ಗಾಢ ಮೈಬಣ್ಣಕ್ಕೆ ತಂದರೆ ಕಪ್ಪಿನ ಮೇಲೆ ಕಪ್ಪು ಬಿದ್ದು ಮುಖ ಚಪ್ಪಟೆಯಾಗುತ್ತದೆ. ಬೆಳಕಿಗೆಂದು ಬಿಳಿ ಬೆರೆಸಿದರೆ ಬೂದಿ ಬಳಿದಂತಾಗುತ್ತದೆ. ಗಾಢ ಚರ್ಮದಲ್ಲಿ ರೂಪ ಹೇಳುವುದು ಬಹುಮಟ್ಟಿಗೆ ಹೊಳಪು: ಕೆನ್ನೆಮೂಳೆಯ ಮೇಲೆ, ಹಣೆಯ ಮೇಲೆ, ಮೂಗಿನ ತುದಿಯಲ್ಲಿ. ಹೊರಗೆ ನಿಂತ ಮನುಷ್ಯನಲ್ಲಿ ಆ ಹೊಳಪಿಗೆ ಆಕಾಶದ ನೀಲಿ ಹತ್ತಿರುತ್ತದೆ. ನೆರಳಿನ ಕಡೆಗೆ ಕೆಳಗಿನ ಕೆಮ್ಮಣ್ಣಿನ ಕೆಂಪು ಏರಿರುತ್ತದೆ. ನೆರಳು ಎಂದರೆ ಬೆಳಕಿಲ್ಲದ್ದು ಎಂಬ ತಿಳಿವಳಿಕೆಯೇ ಸಾಲದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಹಳದಣಕರರ ದೀಪದ ಹುಡುಗಿಯನ್ನು ನೋಡಿದವರಿಗೆ ಇದು ಗೊತ್ತು. ದೀಪವನ್ನು ಮರೆಮಾಡಿದ ಬೆರಳುಗಳ ಅಂಚು ಬೆಳಕು ಹಾಯ್ದು ಕೆಂಡದಂತೆ ಕೆಂಪಾಗಿರುತ್ತದೆ.

ಅಂದರೆ ಅಜ್ಜನ ಮುಖ ಮಿಂಚುತ್ತಿತ್ತು ಎಂಬುದು ಅಪ್ಪಟ ಚಿತ್ರಕಲೆಯ ಮಾತೇ ಆಗಿತ್ತು. ಇದು ಗೊತ್ತಾದಾಗ ಕೋಣೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಓ, ಅವನು ಹೇಳಿದ್ದು ಟೆಕ್ನಿಕ್ ವಿಷಯ, ನಮಗೇ ಅರ್ಥವಾಗಿರಲಿಲ್ಲ ಎಂದರು. ಆ ಸಮಾಧಾನ ನನಗೆ ಹಿಡಿಸಲಿಲ್ಲ. ಅವನ ಮಾತು ಬ್ರಶ್ಶು ಬಣ್ಣದ ಭಾಷೆಗೆ ಅನುವಾದವಾದ ಮೇಲೆ ತಾನೇ ನಾವು ಒಪ್ಪಿದ್ದು? ಅನುವಾದವಾಗದೇ ಉಳಿದಿದ್ದರೆ? ಒಂದೂ ತಾಂತ್ರಿಕ ದೋಷವಿಲ್ಲದೆ, ಹೊಳಪೂ ಸರಿಯಿದ್ದು, ಆದರೂ ಚೋಮನಿಗೆ ಸದಾ ಸಂಜೆಯೇ ಇದ್ದಿದ್ದರೆ, ಅವನ ಪ್ರಶ್ನೆ ಅಷ್ಟೇ ಸರಿಯಾಗಿರುತ್ತಿತ್ತು ಎನ್ನುವುದು ನನ್ನ ನಂಬಿಕೆ. ಬರೆಯಬಲ್ಲವನಿಗೆ ಬರೆಯುವುದು ಗೊತ್ತು. ಬರೆಸಿಕೊಂಡವನಿಗೆ, ತಲೆಮಾರುಗಳಿಂದ ಬೇರೆಯವರ ಕಣ್ಣಲ್ಲಿ ತನ್ನ ಮುಖ ಕಂಡವನಿಗೆ, ಗೊತ್ತಿರುವುದು ಬೇರೆ. ಅದು ಕೌಶಲದ ಕೆಳಗಿನ ಮೆಟ್ಟಿಲಲ್ಲ.

ಕನ್ನಡದಲ್ಲಿ ಈ ಕತೆಯನ್ನು ಓದುವಾಗ ಹರಳಯ್ಯನನ್ನು ನೆನೆಯದೆ ಇರುವುದು ಕಷ್ಟ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣ, ಚಮ್ಮಾರ. ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಪ್ಪಲಿ ಮಾಡಿದರು ಎಂದು ಐತಿಹ್ಯ. ಅಲ್ಲಿ ಚಪ್ಪಲಿ ಮತ್ತು ಕಾಲಿನ ನಡುವೆ ಗೆರೆ ಎಳೆಯಲು ಬರುವುದಿಲ್ಲ. ಅಷ್ಟೇಕೆ, ದಿನನಿತ್ಯದ ಚಪ್ಪಲಿಯೂ ಕಾಲಿನ ಅಳತೆಗೇ ಆಗಬೇಕಲ್ಲ? ಯಾರ ಹಿಮ್ಮಡಿ ಒಡೆದಿದೆ, ಯಾರ ಹೆಬ್ಬೆರಳು ಒಳಕ್ಕೆ ವಾಲಿದೆ, ಯಾರು ಒಂದು ಬದಿಗೆ ಭಾರ ಹಾಕಿ ನಡೆಯುತ್ತಾರೆ ಎಂದು ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಯಾರು? ಅಪೆಲೀಸನ ಚಮ್ಮಾರ ಕಾಲಿನ ಬಗ್ಗೆ ಹೇಳಿದ್ದು ಅಧಿಕಪ್ರಸಂಗವೇ ಆಗಿರಬೇಕಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅನುಕೂಲ. ಆದರೆ ಅದೇ ಕೋಣೆಗೆ ಇನ್ನೊಂದು ಮಾತೂ ಬಂದಿದೆ. ಗೆಳತಿಯೊಬ್ಬಳು ಎಣ್ಣೆಗಪ್ಪು ಹುಡುಗಿಯೊಬ್ಬಳನ್ನು ಬರೆಯುತ್ತಿದ್ದಾಗ ಅವಳನ್ನು ನೋಡಲು ಬಂದಿದ್ದ ದೊಡ್ಡಮ್ಮ ಪ್ರೀತಿಯಿಂದಲೇ, “ಚೆನ್ನಾಗಿದ್ದಾಳೆ ಕಣಮ್ಮ, ಒಂಚೂರು ಬೆಳ್ಳಗೆ ಮಾಡು,” ಎಂದರು. ಅವರೂ ಚಿತ್ರ ಬರೆಯದವರು. ಅವರ ಮೈಬಣ್ಣವೂ ಆ ಹುಡುಗಿಯದೇ. ಚಿತ್ರ ಬರೆಯದವನಿಗೂ ಹೇಳುವ ಹಕ್ಕಿದೆ ಎಂದಮೇಲೆ ಇವರಿಗೆ ಇಲ್ಲವೇ?

ಇದೆ. ಹೇಳುವ ಹಕ್ಕು ಇಬ್ಬರಿಗೂ ಒಂದೇ. ಕೇಳಿದವರು ಮಾಡಬೇಕಾದ್ದು ಒಂದೇ ಅಲ್ಲ. ಗೆಳೆಯನ ಪ್ರಶ್ನೆ ಕೇಳಿದವರು ಮತ್ತೆ ಮುಖ ನೋಡಲೇಬೇಕಾಯಿತು. ದೊಡ್ಡಮ್ಮನ ಮಾತು ಆ ಮುಖವನ್ನು ಬಿಟ್ಟು ಬೇರೊಂದನ್ನು ನೋಡು ಎನ್ನುತ್ತಿತ್ತು, ಮತ್ತು ಆ ಮಾತು ಅವರೊಬ್ಬರದೂ ಆಗಿರಲಿಲ್ಲ. ಹೆಣ್ಣು ನೋಡಲು ಬಂದವರಿಂದ ಕ್ರೀಮಿನ ಜಾಹೀರಾತಿನವರೆಗೆ ಎಷ್ಟೋ ಬಾಯಿಗಳು ಅದರಲ್ಲಿ ಸೇರಿದ್ದವು. ಯಂತ್ರಗಳೂ ಸೇರಿದ್ದವು. ಕಳೆದ ಶತಮಾನದಲ್ಲಿ ಕೊಡಾಕ್ ಕಂಪನಿ ಬಣ್ಣದ ಫೋಟೋಗಳನ್ನು ಹದಗೊಳಿಸಲು ಲ್ಯಾಬುಗಳಿಗೆ ಮಾದರಿ ಕಾರ್ಡು ಕಳಿಸುತ್ತಿತ್ತು; ‘ಶರ್ಲಿ ಕಾರ್ಡ್’ ಎನ್ನುತ್ತಿದ್ದರು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿಯಿದೆ ಎಂದರ್ಥ, ಉಳಿದವರ ಮುಖ ಕತ್ತಲಾದರೆ ಅದು ಅವರ ಮುಖದ ದೋಷ. ಹಾಗೆಂದು ದೊಡ್ಡಮ್ಮನ ಮಾತನ್ನು ತಳ್ಳಿಹಾಕಿ ನಾವು ನಕ್ಕಿದ್ದರೆ ಅಪೆಲೀಸನಿಗೂ ನಮಗೂ ವ್ಯತ್ಯಾಸವಿರುತ್ತಿರಲಿಲ್ಲ. ಗೆಳತಿ ನಗಲಿಲ್ಲ. “ಯಾಕೆ ದೊಡ್ಡಮ್ಮ, ನಿಮಗೆ ಯಾರಾದರೂ ಹಾಗಂದಿದ್ದರಾ?” ಎಂದಳು. ಆಮೇಲೆ ಅವರು ಸುಮಾರು ಹೊತ್ತು ತಮ್ಮ ಮದುವೆಯ ಕಾಲದ್ದು ಮಾತಾಡಿದರು; ಚಿತ್ರದ ಮಾತು ಮತ್ತೆ ಬರಲಿಲ್ಲ. ಹುಡುಗಿಯ ಬಣ್ಣ ಹಾಗೇ ಉಳಿಯಿತು.

ಚೋಮನ ಚಿತ್ರವನ್ನು ಉಡುಪಿಯ ಗೆಳೆಯ ಅಳಿಸಲಿಲ್ಲ, ಕತ್ತಲಿನ ಲೇಯರನ್ನು ಮುಚ್ಚಿಟ್ಟು ಅದೇ ಗೆರೆಗಳ ಮೇಲೆ ನಡುಮಧ್ಯಾಹ್ನವೊಂದನ್ನು ಬರೆಯತೊಡಗಿದ. ಈಗ ಅದೇ ಫೈಲಿನಲ್ಲಿ ಇಬ್ಬರು ಚೋಮರಿದ್ದಾರೆ. ಹಣೆ ಮಿಂಚುವವನ ಕೆಲಸ ಇನ್ನೂ ಮುಗಿದಿಲ್ಲ. ಕುತ್ತಿಗೆಯ ಕೆಳಗೆ ಬರೀ ತಳದ ಬಣ್ಣವಿದೆ. ರಸಾಯನಶಾಸ್ತ್ರದವನು ಬಂದಾಗಲೆಲ್ಲ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಕಳೆದ ಭಾನುವಾರ ಭುಜದ ಬಗ್ಗೆ ಇಬ್ಬರಿಗೂ ಜೋರು ಜಗಳವಾಯಿತು. ಭಾರ ಹೊತ್ತು ಹೊತ್ತು ಭುಜ ಕೆಳಗಿಳಿಯುತ್ತದೆ ಎಂದು ಇವನು, ಹೊತ್ತವರ ಭುಜ ಗಟ್ಟಿಯಾಗಿ ಮೇಲೇಳುತ್ತೆ, ನೀನು ನೋಡಿಲ್ಲ ಎಂದು ಅವನು.