ಅನ್ನದ ಋಣ ಯಾರದು?

ನಾಯಿಯ ಮಾತು ಬಂದಾಗಲೆಲ್ಲ ನಾವು ‘ಅನ್ನದ ಋಣ’ವನ್ನು ನೆನೆಯುತ್ತೇವೆ. ಒಂದು ತುತ್ತು ಹಾಕಿದ ಮನೆಯನ್ನು ನಾಯಿ ಸಾಯುವತನಕ ಮರೆಯದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಲೆಕ್ಕದಲ್ಲಿ ಸಾಲಗಾರ ಯಾವಾಗಲೂ ನಾಯಿ. ಸಾಲ ಕೊಟ್ಟವನು ಮನುಷ್ಯ. ಆದರೆ ನಾಯಿ ದುಡಿದು ಮನುಷ್ಯ ಉಂಡಾಗ ಋಣ ಯಾರದು? ಓಟದ ಪಂದ್ಯಗಳಿಂದ ನಿವೃತ್ತವಾದ ಗ್ರೇಹೌಂಡ್ ನಾಯಿಗಳನ್ನು ಮನೆಗೆ ತಂದು ಸಾಕುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿದೆ. ಅದು ಈ ಪ್ರಶ್ನೆಯನ್ನು ಎತ್ತುತ್ತದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವುದರಿಂದ ಇದು ತೀರ ದೂರದ ವಿಷಯವೂ ಅಲ್ಲ.

ಗ್ರೇಹೌಂಡನ್ನು ಕಾಣದವರು ನಮ್ಮ ಮುಧೋಳದ ನಾಯಿಯನ್ನು ನೆನೆದುಕೊಂಡರೆ ಸಾಕು. ಅದೇ ಸಪೂರ ಮೈ, ಉದ್ದ ಕಾಲು, ಒಳಸೇರಿದ ಹೊಟ್ಟೆ. ಗಂಟೆಗೆ 65 ಕಿಲೋಮೀಟರು ವೇಗದಲ್ಲಿ ಓಡಬಲ್ಲ ಪ್ರಾಣಿ. 1919ರಲ್ಲಿ ಕ್ಯಾಲಿಫೋರ್ನಿಯಾದ ಎಮೆರಿವಿಲ್‌ನಲ್ಲಿ ಓವೆನ್ ಪ್ಯಾಟ್ರಿಕ್ ಸ್ಮಿತ್ ಎಂಬವನು ಯಂತ್ರದ ಮೊಲವೊಂದನ್ನು ಮುಂದೆ ಓಡಿಸಿ ಅದರ ಹಿಂದೆ ಈ ನಾಯಿಗಳನ್ನು ಬಿಟ್ಟ. 1926ರಲ್ಲಿ ಈ ಆಟ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂತು. ಜನ ಬಾಜಿ ಕಟ್ಟಿದರು, ಹಣ ಹರಿಯಿತು. ಎಂದೂ ಕೈಗೆ ಸಿಗದ ಮೊಲದ ಹಿಂದೆ ನಾಯಿಗಳು ಓಡಿದವು.

ಒಂದೂವರೆ ವರ್ಷಕ್ಕೆಲ್ಲ ಪಂದ್ಯಕ್ಕಿಳಿಯುವ ನಾಯಿ ನಾಲ್ಕೈದು ವರ್ಷಕ್ಕೆ ನಿವೃತ್ತವಾಗುತ್ತದೆ. ಕಾಲು ಮುರಿದರೆ ಅದಕ್ಕೂ ಮೊದಲೇ. ಆಯುಸ್ಸೋ ಹತ್ತು ಹನ್ನೆರಡು ವರ್ಷ. ಉಳಿದ ಬಾಳಿನ ಗತಿಯೇನು? ಎಷ್ಟೋ ನಾಯಿಗಳ ಪಾಲಿಗೆ ಗುಂಡೇಟು ಅಥವಾ ಸೂಜಿಯೇ ಗತಿಯಾಯಿತು. ಇಂಗ್ಲೆಂಡಿನ ಸೀಹ್ಯಾಮ್ ಎಂಬಲ್ಲಿ ಒಬ್ಬನೇ ಮನುಷ್ಯ ಹಣ ಪಡೆದು ಇಂಥ ಸಾವಿರಾರು ನಾಯಿಗಳನ್ನು ಕೊಂದು ಹೂಳಿದ್ದನೆಂದು 2006ರಲ್ಲಿ ಪತ್ರಿಕೆಯೊಂದು ವರದಿ ಮಾಡಿದಾಗ ಆ ದೇಶವೇ ಬೆಚ್ಚಿತು. ಅತ್ತ ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಶೇಕಡಾ 69ರಷ್ಟು ಮತದಾರರು ಈ ಪಂದ್ಯ ಬೇಡವೆಂದರು. 2020ರ ಕೊನೆಗೆ ಅಲ್ಲಿ ಓಟ ನಿಂತಿತು. ಓಟ ನಿಂತ ನಾಯಿಗಳಿಗೆ ಮನೆ ಬೇಕಾಯಿತು.

ಮನೆಗೆ ಬಂದ ಗ್ರೇಹೌಂಡಿಗೆ ಸಂಸಾರವೆಂಬುದು ಹೊಸ ಲೋಕ. ಗೂಡಿನಲ್ಲಿ ಬೆಳೆದ ಅದಕ್ಕೆ ಮೆಟ್ಟಿಲೆಂದರೆ ಭಯ. ಗಾಜಿನ ಬಾಗಿಲು ಕಾಣದೆ ಢಿಕ್ಕಿ ಹೊಡೆಯುತ್ತದೆ. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಚಳಿಗೆ ಅಂಗಿ ತೊಡಿಸಬೇಕು. ಬೆಕ್ಕು ಕಂಡರೆ ಹಳೆಯ ಚಟ ಮರುಕಳಿಸೀತು. ಬಯಲಿನಲ್ಲಿ ಹಗ್ಗ ಬಿಚ್ಚುವಂತಿಲ್ಲ. ಉಳಿದ ಹೊತ್ತೆಲ್ಲ ಅದು ಸೋಫಾದ ಮೇಲೆ ಮೈಚಾಚಿ ನಿದ್ದೆ ಮಾಡುತ್ತದೆ. ಇಂಥ ನಾಯಿಯಿಂದ ಕಾವಲೂ ಇಲ್ಲ, ಬೇಟೆಯೂ ಇಲ್ಲ, ಸಂಪಾದನೆಯೂ ಇಲ್ಲ.

ಹಾಗಾದರೆ ಇದು ದಯೆಯೇ? ಸಾಕುವವರ ಮಟ್ಟಿಗೆ ದಯೆಯೇ ಸರಿ. ಅವರು ಈ ನಾಯಿಯಿಂದ ಏನನ್ನೂ ಪಡೆದವರಲ್ಲ. ಆದರೆ ಪಡೆದವರ ಕಡೆಯಿಂದ ನೋಡಿದರೆ ಇದು ತೀರದ ಸಾಲ. ಸಾಲ ಮಾಡಿದವನೊಬ್ಬ, ತೀರಿಸುವವನೊಬ್ಬ. ಹೀಗೆ ಬೇರೆಯವರು ತೀರಿಸಿಕೊಟ್ಟರೆ ಪಂದ್ಯದ ಯಜಮಾನನಿಗೆ ಹೊಸ ನಾಯಿಯನ್ನು ತರುವುದು ಇನ್ನಷ್ಟು ಸುಲಭವಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಎದುರಿಗೆ ನಿಂತ ನಾಯಿಯ ಹಸಿವು ನಮ್ಮ ತರ್ಕ ಮುಗಿಯುವತನಕ ಕಾಯದು. ಮನೆಗೆ ತರುವುದೂ ಬೇಕು, ಪಂದ್ಯವನ್ನು ಪ್ರಶ್ನಿಸುವುದೂ ಬೇಕು. ಒಂದನ್ನು ಮಾಡಿ ಇನ್ನೊಂದರಿಂದ ಬಿಡುಗಡೆ ಪಡೆಯುವಂತಿಲ್ಲ.

ಪಂದ್ಯವೇ ಇಲ್ಲದಿದ್ದರೆ ಈ ನಾಯಿಗಳು ಹುಟ್ಟುತ್ತಲೇ ಇರಲಿಲ್ಲವಲ್ಲ ಎಂದು ಮತ್ತೆ ಕೆಲವರು ವಾದಿಸುತ್ತಾರೆ. ನಿಜ. ಆದರೆ ಹುಟ್ಟಿಸಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಹೊಣೆ ಹುಟ್ಟುತ್ತದೆ. ಹೆತ್ತವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾಯಿಗೆ ಮನುಷ್ಯ ಋಣಿಯಾಗಬಹುದೆಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ, ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಅರ್ಚಕ ಊಟ ಮಾಡಿದರೆ ಪಾಪವೆಂದು ಶಾಸನ ವಿಧಿಸುತ್ತದೆ. ಎಂದರೆ, ನಾಯಿಯ ಹೆಸರಿನ ಭೂಮಿಯ ಅನ್ನ ಉಣ್ಣುವವನು ಮೊದಲು ನಾಯಿಯನ್ನು ನೆನೆಯಬೇಕು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸತಕ್ಕದ್ದು.

ಆದರೆ ಕಾಳಿ ಹೋರಾಡುತ್ತಲೇ ಸತ್ತಿತು. ಸತ್ತ ವೀರನಿಗೆ ಕಲ್ಲು ನಿಲ್ಲಿಸುವುದು ಅಷ್ಟು ಕಷ್ಟವಲ್ಲ. ಕೆಲಸ ಮುಗಿದ ಮೇಲೂ ಏಳೆಂಟು ವರ್ಷ ಬದುಕಿ, ದಿನಕ್ಕೆರಡು ಹೊತ್ತು ಉಂಡು, ಮಲಗಿದಲ್ಲೇ ಮುದಿಯಾಗುವ ಜೀವವನ್ನು ಗೌರವದಿಂದ ನೋಡಿಕೊಳ್ಳುವುದು ಕಷ್ಟ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮನ್ನು ಈ ಮಹಾನಗರಗಳು ಗುರುತಿಸಿದ್ದು ದುಡಿಮೆಯಿಂದ. ಬ್ಯಾಂಕಿನವರು, ಹೋಟೆಲಿನವರು, ರೈಲ್ವೆಯವರು ಎಂದೇ ಒಬ್ಬರನ್ನೊಬ್ಬರು ಪರಿಚಯಿಸಿಕೊಂಡೆವು. ನಿವೃತ್ತಿಯ ಮರುದಿನ ಆ ಹೆಸರು ಕಳಚುತ್ತದೆ, ಮನುಷ್ಯ ಉಳಿಯುತ್ತಾನೆ. ಅವನನ್ನೂ, ಮೂಲೆಯ ಮಂಚದಲ್ಲಿ ಕುಳಿತ ಹಿರಿಯರನ್ನೂ ‘ಇವರಿಂದ ಈಗ ಏನು ಉಪಯೋಗ’ ಎಂಬ ಅಳತೆಗೋಲಿನಿಂದ ಅಳೆಯಬಾರದೆಂದು ನಾವು ಬಯಸುತ್ತೇವೆ. ಆ ಅಳತೆಗೋಲನ್ನು ಕೆಳಗಿಡುವ ಅಭ್ಯಾಸ ಒಂದು ಮೂಕಪ್ರಾಣಿಯ ತಟ್ಟೆಗೆ ಅನ್ನ ಬಡಿಸುವಲ್ಲಿ ಆರಂಭವಾದರೂ ಆದೀತು.