ಗುಳಿಗೆ, ಪೆಟ್ರೋಲ್, ಶ್ವೇತಕೇತು

"ದೇವರನ್ನ ನಂಬಿದವನಿಗೆ ಈ ಗುಳಿಗೆ ಯಾಕೋ?" ಎಂದು ನಮ್ಮ ದೊಡ್ಡಪ್ಪ ಕೇಳುವುದುಂಟು. ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೇ. ನೆಮ್ಮದಿ ಭಕ್ತಿಯಿಂದ ಬರುವಂಥದ್ದು, ಅದು ಹೋಯಿತೆಂದರೆ ಭಕ್ತಿಯಲ್ಲೇ ಎಲ್ಲೋ ಕೊರತೆಯಿದೆ ಎಂಬುದು ಅವರ ಎಣಿಕೆ. ನಾನು ದಾವಣಗೆರೆ ಹತ್ತಿರ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಪೂಜೆ, ರಾತ್ರಿ ಖಿನ್ನತೆಯ ಗುಳಿಗೆ ಡ್ಯುಲಾಕ್ಸೆಟಿನ್, ಎರಡನ್ನೂ ಬಿಟ್ಟಿಲ್ಲ. ದೊಡ್ಡಪ್ಪನ ಎಣಿಕೆ ಸರಿಯಲ್ಲವೆಂದು ನಾನು ಹೇಳಲೇಬೇಕು.

ಗುಳಿಗೆ ಬರೆಯುವ ಮುಂಚೆ ಡಾಕ್ಟರು ಕೇಳಿದ್ದು, "ಬೀಡಿ ಸಿಗರೇಟು ಸೇದ್ತೀರಾ? ಏನ್ ಕೆಲಸ ನಿಮ್ದು?" ಕೇಳಿದ್ದಕ್ಕೆ ಕಾರಣವಿದೆ. ನುಂಗಿದ ಗುಳಿಗೆ ಕರುಳಿನಿಂದ ಮೊದಲು ಹೋಗುವುದು ಯಕೃತ್ತಿಗೆ. ಅಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಒಂದು ದೊಡ್ಡ ಕುಟುಂಬವಿದೆ. ಡ್ಯುಲಾಕ್ಸೆಟಿನ್ನನ್ನು ಒಡೆಯುವುದು ಅದರಲ್ಲಿ 1ಎ2 ಮತ್ತು 2ಡಿ6. ಪೆಟ್ರೋಲಿನಲ್ಲಿರುವ ಬೆಂಜೀನನ್ನು ಮುಖ್ಯವಾಗಿ ನೋಡಿಕೊಳ್ಳುವುದು ಅದೇ ಕುಟುಂಬದ 2ಇ1. ಹೊಗೆಯ ಕಥೆ ಇನ್ನೂ ನೇರ. ತಂಬಾಕು ಸುಟ್ಟಾಗ ಹುಟ್ಟುವ ಕೆಲವು ಹೈಡ್ರೋಕಾರ್ಬನ್‌ಗಳು 1ಎ2ವನ್ನು ಹೆಚ್ಚಿಸುತ್ತವೆ. ಹಾಗಾಗಿ ಸೇದುವವರ ರಕ್ತದಲ್ಲಿ ಈ ಔಷಧಿ ಸುಮಾರು ಮೂರನೇ ಒಂದು ಭಾಗ ಕಡಿಮೆ ನಿಲ್ಲುತ್ತದೆ. ಇದಕ್ಕೆ ಕಾರಣ ನಿಕೋಟಿನ್ ಅಲ್ಲ, ಹೊಗೆ. ಡೀಸೆಲ್ ಹೊಗೆಯಲ್ಲೂ ಅದೇ ವರ್ಗದ ವಸ್ತುಗಳಿವೆ.

ಪೆಟ್ರೋಲ್ ಆವಿಯಾದರೋ ಮೊದಲು ಯಕೃತ್ತಿಗೆ ಹೋಗುವುದಿಲ್ಲ. ಶ್ವಾಸಕೋಶ, ರಕ್ತ, ಮಿದುಳು, ಅಷ್ಟೇ. ಲೋಡ್ ಬಂದ ಮಧ್ಯಾಹ್ನ ಟ್ಯಾಂಕರಿನ ಮುಚ್ಚಳ ತೆಗೆದರೆ ಬಾಯಿಯ ಮೇಲಿನ ಗಾಳಿ ಬಿಸಿಲಲ್ಲಿ ನಡುಗುವುದು ಕಣ್ಣಿಗೇ ಕಾಣುತ್ತದೆ. ಡಿಪ್ ರಾಡಿನ ತುದಿಗೆ ಪೇಸ್ಟ್ ಸವರಿ, ಇಳಿಬಿಟ್ಟು, ಬಾಗಿ ಅಳತೆ ಓದಬೇಕು. ಎದ್ದಾಗ ತಲೆ ದಿಮ್ಮೆನ್ನುತ್ತದೆ, ಮಂಕು ಕವಿಯುತ್ತದೆ. ತಲೆಸುತ್ತು, ಮಂಪರು ಗುಳಿಗೆಯಿಂದಲೂ ಬರುತ್ತವೆ, ಮಂಕು ಕಾಯಿಲೆಯಿಂದಲೂ ಬರುತ್ತದೆ. ಆ ಹೊತ್ತಿನಲ್ಲಿ ನನ್ನೊಳಗಿನ ಮಂಕು ಯಾರದು? ಅದನ್ನು ಭಕ್ತಿಯ ಕೊರತೆ ಎಂದು ಬರೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಶಾಸ್ತ್ರವೂ ಹಾಗೆ ಹೇಳುವುದಿಲ್ಲ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ, ತಿಂದ ಅನ್ನದ ಸೂಕ್ಷ್ಮ ಭಾಗವೇ ಮನಸ್ಸಾಗುತ್ತದೆ ಎಂದು ಕಲಿಸುತ್ತಾನೆ. ಬಾಯಿಮಾತಲ್ಲಿ ಬಿಡದೆ ಪರೀಕ್ಷೆಯನ್ನೂ ಮಾಡಿಸುತ್ತಾನೆ: ಹದಿನೈದು ದಿನ ಉಪವಾಸ, ನೀರು ಮಾತ್ರ. ವೇದ ಕಲಿತು ಬಂದ ಹುಡುಗನಿಗೆ ಒಂದು ಋಕ್ಕೂ ನೆನಪಿಗೆ ಬರುವುದಿಲ್ಲ. ತಂದೆ ಅವನ ಶ್ರದ್ಧೆಯನ್ನು ಶಂಕಿಸಲಿಲ್ಲ, ಜಪ ಹೆಚ್ಚು ಮಾಡು ಎನ್ನಲಿಲ್ಲ. ಊಟ ಮಾಡಿ ಬಾ ಎಂದು ಕಳಿಸಿದ. ಉಂಡು ಬಂದವನಿಗೆ ಕೇಳಿದ್ದೆಲ್ಲ ನೆನಪಾಯಿತು. ಒಳಗೆ ಹೋದದ್ದರಿಂದ ಮನಸ್ಸು ಕಟ್ಟಿಕೊಳ್ಳುತ್ತದೆ ಎಂದು ಒಪ್ಪಿದ ಮೇಲೆ, ಉಸಿರಲ್ಲಿ ಹೋದದ್ದನ್ನು ಲೆಕ್ಕದಿಂದ ಬಿಡುವುದು ಹೇಗೆ?

ನನ್ನನ್ನು ಹೆಚ್ಚು ಕಾಡುವುದು ಕರ್ಮದ ಮಾತು. ಅವರವರ ದುಃಖ ಅವರವರ ಖಾತೆಗೆ ಎಂದು ಸುಲಭವಾಗಿ ಅಂದುಬಿಡುತ್ತೇವೆ. ನಾಜಲ್ ಹಿಡಿದು ದಿನವಿಡೀ ನಿಲ್ಲುವ ಹುಡುಗ ಏನು ಉಸಿರಾಡಬೇಕು ಎಂಬುದು ಅವನೊಬ್ಬನ ತೀರ್ಮಾನವೇ? ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1 ಮೀರಬಾರದು ಎಂದು ಗೆರೆ ಎಳೆದವರು, ಇಂಜಿನ್ ಆಫ್ ಮಾಡದೆ ಸಾಲಲ್ಲಿ ನಿಂತ ಲಾರಿಯವರು, ಡ್ಯೂಟಿ ಹಾಕುವ ನಾನು, ಎಲ್ಲರ ಕೈಯೂ ಅವನ ಉಸಿರಿನಲ್ಲಿದೆ. ಅವನ ಮನಸ್ಸು ಕುಸಿದರೆ ಅದರ ಒಂದು ಪಾಲು ನನ್ನ ಖಾತೆಗೂ ಬರಬೇಕು. ನ್ಯಾಯವಾದ ಕರ್ಮಸಿದ್ಧಾಂತಕ್ಕೆ ಅಷ್ಟು ಲೆಕ್ಕ ಬರಲೇಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಹಾಗಾಗಿ ಟ್ಯಾಂಕರ್ ಬಂದಾಗ ಗಾಳಿ ಎತ್ತ ಬೀಸುತ್ತಿದೆ ನೋಡಿ ಹುಡುಗರನ್ನು ಆಚೆ ನಿಲ್ಲಿಸುತ್ತೇನೆ, ಒಬ್ಬನನ್ನೇ ಲೋಡ್ ಇಳಿಸಲು ಬಿಡುವುದಿಲ್ಲ. ಗುಳಿಗೆ ತಗೊಳ್ಳುವವರಿಗೆ, ಎಲ್ಲಿ ಕೆಲಸ, ಏನು ಸೇದುತ್ತೀಯ, ಡಾಕ್ಟರ ಹತ್ತಿರ ಮುಚ್ಚಿಡಬೇಡ, ಡೋಸು ನೀನೇ ಹೆಚ್ಚುಕಡಿಮೆ ಮಾಡಬೇಡ ಎಂದು ಹೇಳುತ್ತೇನೆ. ದೊಡ್ಡಪ್ಪನಿಗೂ ಮೊನ್ನೆ ಶ್ವೇತಕೇತುವಿನ ಕಥೆ ಹೇಳಿದೆ. "ಹಂಗಾದ್ರೆ ಆ ಹುಡುಗರಿಗೆ ಮೊದ್ಲು ಒಳ್ಳೆ ಗಾಳಿ ಕೊಡ್ಸೋ" ಎಂದರು.