ಬಾಯಲ್ಲೂರುವ ನೀರೂ ಜೀವದ ಕರ್ತೃತ್ವವೂ

ಅನ್ನವನ್ನು ಕಂಡೊಡನೆ ಬಾಯಲ್ಲಿ ನೀರೂರುವುದು ಜೀವದ ಆಸೆಯೋ ದೇಹದ ಧರ್ಮವೋ ಎಂಬುದು ಉಪವಾಸವನ್ನು ಸಾಧನೆಯ ಅಂಗವೆಂದು ಒಪ್ಪಿದ ಎಲ್ಲ ಮತಗಳನ್ನೂ ಕಾಡುವ ಪ್ರಶ್ನೆ. ಆಹಾರ ಬಿಟ್ಟವನಲ್ಲಿ ಉಳಿದ ಇಂದ್ರಿಯಗಳು ಸೋತರೂ ನಾಲಗೆಯ ಚಪಲ ಬೆಳೆಯುತ್ತದೆಂದೂ, ನಾಲಗೆಯನ್ನು ಗೆಲ್ಲುವವರೆಗೆ ಯಾರೂ ಜಿತೇಂದ್ರಿಯರಲ್ಲವೆಂದೂ ಭಾಗವತದ ಹನ್ನೊಂದನೆಯ ಸ್ಕಂಧ ಹೇಳುತ್ತದೆ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗುಗಳ ಜೊತೆಗೆ ಹೆಸರು ಪಡೆದಿರುವ ನಂಗಲಿಯ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ನಂಗಲಿ ಸೇರಿರುವ ಮುಳಬಾಗಿಲು ತಾಲ್ಲೂಕಿನ ನರಸಿಂಹತೀರ್ಥದಲ್ಲಿ, 15ನೆಯ ಶತಮಾನದ ದ್ವೈತಾಚಾರ್ಯರೂ ಹರಿದಾಸರೂ ವ್ಯಾಸರಾಜರ ವಿದ್ಯಾಗುರುಗಳೂ ಆದ ಶ್ರೀಪಾದರಾಜರ ಬೃಂದಾವನವಿದ್ದು, ಅವರ ಪರಂಪರೆಯಲ್ಲಿ ಏಕಾದಶಿಯ ನಿರಾಹಾರ ಮುಖ್ಯವಾದ ವ್ರತವಾಗಿದೆ.

ಈ ಹಳೆಯ ಪ್ರಶ್ನೆಗೆ ಶರೀರವಿಜ್ಞಾನ ಹೊಸ ಸಾಮಗ್ರಿಯನ್ನು ಒದಗಿಸಿದೆ. 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಎಂಬ ವಿಜ್ಞಾನಿಗಳು ಕುದುರೆಯ ಮಿದುಳು ಮತ್ತು ಕರುಳಿನ ಸಾರದಲ್ಲಿ ಒಂದು ಅಪರಿಚಿತ ವಸ್ತುವನ್ನು ಕಂಡರು. ಅದಕ್ಕೆ ‘ಸಬ್‌ಸ್ಟೆನ್ಸ್ ಪಿ’ ಎಂಬ ಹೆಸರು ಬಂತು. 1960ರ ದಶಕದಲ್ಲಿ ಸೂಸನ್ ಲೀಮನ್ ಎಂಬ ವಿಜ್ಞಾನಿ ಬೇರೊಂದು ಹಾರ್ಮೋನಿನ ಹುಡುಕಾಟದಲ್ಲಿದ್ದಾಗ, ದನದ ಮಿದುಳಿನ ಹೈಪೊಥಲಾಮಸ್ ಭಾಗದಿಂದ ತೆಗೆದ ಸಾರವನ್ನು ಅರಿವಳಿಕೆಯಲ್ಲಿದ್ದ ಇಲಿಗಳಿಗೆ ಚುಚ್ಚಲು, ಅವುಗಳ ಬಾಯಿಂದ ಜೊಲ್ಲು ಧಾರಾಳವಾಗಿ ಹರಿಯಿತು. ಆ ಜೊಲ್ಲನ್ನೇ ಗುರುತಾಗಿಟ್ಟುಕೊಂಡು ವಸ್ತುವನ್ನು ಶುದ್ಧೀಕರಿಸಿದಾಗ ಅದು ಹಳೆಯ ಸಬ್‌ಸ್ಟೆನ್ಸ್ ಪಿ ಎಂದೇ ತಿಳಿದುಬಂತು. ಅದು 11 ಅಮೈನೋ ಆಮ್ಲಗಳ ಸರಪಣಿಯೆಂಬುದು 1971ರಲ್ಲಿ ಖಚಿತವಾಯಿತು. ಹೀಗೆ ನರಕೋಶಗಳು ಸಂದೇಶಕ್ಕಾಗಿ ಬಳಸುವ, ಅಮೈನೋ ಆಮ್ಲಗಳ ಕಿರು ಸರಪಣಿಗಳಿಗೆ ನ್ಯೂರೋಪೆಪ್ಟೈಡ್ ಎಂದು ಹೆಸರು. ಆ ಇಲಿಗಳ ಮುಂದೆ ಆಹಾರವಿರಲಿಲ್ಲ, ವಾಸನೆಯಿರಲಿಲ್ಲ, ಎಚ್ಚರವೂ ಇರಲಿಲ್ಲ. ಆದರೂ ಬಾಯಿ ತುಂಬಿ ಹರಿಯಿತು.

ತಡೆಯುವ ವಸ್ತುಗಳ ಕಥೆಯೂ ಇಷ್ಟೇ ಬೋಧಪ್ರದವಾಗಿದೆ. ಲಾಲಾಗ್ರಂಥಿಗೆ ಬರುವ ನರಗಳ ತುದಿಯಲ್ಲಿ ಮುಖ್ಯವಾಗಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ರವಿಸಿ, ಗ್ರಂಥಿಕೋಶದ ಮೇಲಿರುವ ಗ್ರಾಹಕವೆಂಬ ಅಣುವಿಗೆ ಅಂಟಿ ಜೊಲ್ಲನ್ನು ಹರಿಸುತ್ತದೆ. ಉಮ್ಮತ್ತಿ ಗಿಡದಲ್ಲಿಯೂ ಇರುವ ಅಟ್ರೊಪಿನ್ ಆ ಗ್ರಾಹಕವನ್ನು ಮುಚ್ಚುವುದರಿಂದ ಬಾಯಿ ಒಣಗುತ್ತದೆ. ಆದರೆ ಅಟ್ರೊಪಿನ್ ಕೊಟ್ಟು, ಅಡ್ರಿನಲಿನ್ ವರ್ಗದ ದಾರಿಯನ್ನೂ ಮುಚ್ಚಿದ ಇಲಿಗಳಲ್ಲಿ ಗ್ರಂಥಿಯ ನರವನ್ನು ಪ್ರಚೋದಿಸಿದರೆ ಇನ್ನೂ ಸ್ವಲ್ಪ ಜೊಲ್ಲು ಬರುತ್ತದೆ. ಅದು ಅದೇ ನರತುದಿಗಳಿಂದ ಹೊರಡುವ ಪೆಪ್ಟೈಡ್‌ಗಳ ಕೆಲಸ. ಸಬ್‌ಸ್ಟೆನ್ಸ್ ಪಿಯ ಗ್ರಾಹಕವನ್ನು ಮುಚ್ಚುವ ಔಷಧಗಳು ಅದು ಹರಿಸುವ ಜೊಲ್ಲನ್ನು ತಡೆಯುತ್ತವೆಯೇ ಹೊರತು ಅಸಿಟೈಲ್‌ಕೋಲಿನ್ ಹರಿಸುವುದನ್ನಲ್ಲ. ಪ್ರಾಣಿಯಿಂದ ಪ್ರಾಣಿಗೂ ಭೇದವಿದೆ: ವಿಐಪಿ ಎಂಬ ಇನ್ನೊಂದು ಪೆಪ್ಟೈಡ್ ಬೆಕ್ಕಿನ ಕೆಳದವಡೆಯ ಗ್ರಂಥಿಯಲ್ಲಿ ತಾನೊಂದೇ ಜೊಲ್ಲು ತರಿಸದಿದ್ದರೂ ಅಸಿಟೈಲ್‌ಕೋಲಿನ್ ತರಿಸುವ ಜೊಲ್ಲನ್ನು ಹೆಚ್ಚಿಸುತ್ತದೆ. ಬಾಯಲ್ಲಿ ಒಂದು ಹನಿ ಊರುವುದಕ್ಕೂ ಕಾರಣ ಒಂದೇ ಅಲ್ಲ.

ಮುಳಬಾಗಿಲು ಸೇರಿರುವ, ಹೈನುಗಾರಿಕೆಯನ್ನು ನೆಚ್ಚಿದ ಕೋಲಾರ ಜಿಲ್ಲೆಯ ರೈತರಿಗೆ ಆಸೆಯಿಲ್ಲದ ಜೊಲ್ಲು ಕೊಟ್ಟಿಗೆಯಲ್ಲಿಯೇ ಕಾಣಸಿಗುವ ಸಂಗತಿ. ಕಾಲುಬಾಯಿ ಜ್ವರ ಬಂದ ಹಸುವಿನ ನಾಲಗೆ, ಒಸಡುಗಳ ಮೇಲೆ ಬೊಕ್ಕೆಯೆದ್ದು, ತುಟಿಯಿಂದ ನೆಲದವರೆಗೆ ಜೊಲ್ಲು ಎಳೆಎಳೆಯಾಗಿ ಇಳಿಯುತ್ತದೆ. ಹಸು ಬಾಯಿ ಚಪ್ಪರಿಸುತ್ತದೆ, ಆದರೆ ಮುಂದಿಟ್ಟ ಹಸಿಮೇವನ್ನು ಮುಟ್ಟುವುದಿಲ್ಲ. ಕೆಲವು ಕೀಟನಾಶಕಗಳು ಹೊಟ್ಟೆಗೆ ಹೋದಾಗಲೂ ಅಸಿಟೈಲ್‌ಕೋಲಿನ್ ವಿಭಜನೆಯಾಗದೆ ಉಳಿದು ಜೊಲ್ಲು ಸುರಿಯುತ್ತದೆ, ಅದಕ್ಕೆ ಪಶುವೈದ್ಯರು ಅಟ್ರೊಪಿನ್ ಚುಚ್ಚುತ್ತಾರೆ. ಇದಕ್ಕೆ ವಿರುದ್ಧವಾಗಿ, ಅಟ್ರೊಪಿನ್‌ನಿಂದ ಬಾಯಿ ಒಣಗಿದ ಮನುಷ್ಯನ ಆಸೆ ಒಣಗುವುದಿಲ್ಲ. ಜೊಲ್ಲಿದ್ದಲ್ಲಿ ಆಸೆಯಿರಬೇಕೆಂಬ ನಿಯಮವಿಲ್ಲ, ಆಸೆಯಿದ್ದಲ್ಲಿ ಜೊಲ್ಲಿರಬೇಕೆಂಬ ನಿಯಮವೂ ಇಲ್ಲ.

ಹಾಗಾದರೆ ದೇಹವೆಲ್ಲ ರಾಸಾಯನಿಕಗಳ ಅಧೀನ, ಜೀವಕ್ಕೆ ಕರ್ತೃತ್ವವೇ ಇಲ್ಲ ಎಂದು ತೀರ್ಮಾನಿಸಬಹುದೆ? ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸಿ, ತಾನೊಬ್ಬನೇ ಕರ್ತೃವೆಂದು ಭಾವಿಸುವವನು ಸರಿಯಾಗಿ ಕಾಣಲಾರನೆನ್ನುತ್ತದೆ. ಆದರೆ ಆ ಐದರಲ್ಲಿ ಕರ್ತೃವನ್ನು ಬಿಟ್ಟಿಲ್ಲ. ದ್ವೈತ ಸಿದ್ಧಾಂತವೂ ಜೀವದ ಕರ್ತೃತ್ವವನ್ನು ಸತ್ಯವೆಂದು ಒಪ್ಪಿ, ಅದು ಹರಿಯ ಅಧೀನವೆನ್ನುತ್ತದೆ. ಕರ್ತೃವೇ ಇಲ್ಲವಾದರೆ ಇದನ್ನು ಮಾಡು, ಇದನ್ನು ಬಿಡು ಎಂಬ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವುಳಿಯದು. ಲೀಮನ್ನರ ಪ್ರಯೋಗ ಕರಣವೆಂಬ ಇಂದ್ರಿಯ ಎಷ್ಟು ಪರಾಧೀನವೆಂಬುದನ್ನು ತೋರಿಸುತ್ತದೆ. ಊರಿದ ನೀರನ್ನು ಕಂಡು ಕೈಚಾಚಬೇಕೆ ಬೇಡವೆ ಎಂಬ ನಿರ್ಣಯದ ವಿಷಯದಲ್ಲಿ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ, ಏಕೆಂದರೆ ಅರಿವಳಿಕೆಯಲ್ಲಿದ್ದ ಇಲಿಗೆ ಅಂಥ ನಿರ್ಣಯಕ್ಕೆ ಅವಕಾಶವೇ ಇರಲಿಲ್ಲ.

ಗೀತೆಯ ಎರಡನೆಯ ಅಧ್ಯಾಯವೂ ನಿರಾಹಾರಿಯಿಂದ ವಿಷಯಗಳು ದೂರವಾದರೂ ರಸ ಉಳಿಯುತ್ತದೆ, ಪರತತ್ತ್ವದ ದರ್ಶನವಾದಾಗ ಅದೂ ಹೋಗುತ್ತದೆ ಎನ್ನುತ್ತದೆ. ಆ ಉಳಿಯುವ ರಸ ಮನಸ್ಸಿನ ಅಂಟೆಂದು ತಿಳಿದರೆ ಶಾಸ್ತ್ರಕ್ಕೂ ಶರೀರವಿಜ್ಞಾನಕ್ಕೂ ವಿರೋಧ ಬಾರದು. ಏಕಾದಶಿಯಂದು ಪಕ್ಕದ ಮನೆಯ ಒಗ್ಗರಣೆಯ ವಾಸನೆಗೆ ಬಾಯಲ್ಲಿ ನೀರೂರಿದ್ದರಿಂದ ವ್ರತ ಕೆಟ್ಟಿತೆಂದು ಕೊರಗಬೇಕಾಗಿಲ್ಲ. ಬಾಯಿ ಒಣಗಿದ್ದರಿಂದಲೇ ನಾಲಗೆಯನ್ನು ಗೆದ್ದೆನೆಂದು ಬೀಗುವುದಕ್ಕೂ ಆಧಾರವಿಲ್ಲ. ಗ್ರಂಥಿಯ ಕೆಲಸಕ್ಕೆ ಜೀವವನ್ನು ಹೊಣೆ ಮಾಡದೆ, ಮನಸ್ಸಿನ ಒಪ್ಪಿಗೆಗೆ ಮಾತ್ರ ಹೊಣೆ ಮಾಡುವ ಸಾಧನೆ ಸತ್ಯಕ್ಕೆ ಹತ್ತಿರವಾದದ್ದು, ಸಾಧಕನ ಮೇಲೆ ಕರುಣೆಯುಳ್ಳದ್ದು. ಇನ್ನೊಬ್ಬರ ವ್ರತವನ್ನು ಅವರ ಬಾಯಿ ನೋಡಿ ಅಳೆಯುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ.